ನಾನು ಬರೆಯದ ಕಾದಂಬರಿಗೆ ಬಂದ ಬಹುಮಾನ

ನಮ್ಮ ಮನೆಯ ಮಿಕ್ಸಿ ಜರಿ ಅಂಚಿನ ಶಾಲು ಹೊದ್ದು ಕೂತಿರುತ್ತದೆ. ಹೊಲಿಗೆ ಯಂತ್ರದ ಮೇಲೆ ಇನ್ನೊಂದು, ಹಪ್ಪಳ ಒಣಗಿಸುವ ಮಂಚದ ಮೇಲೆ ಮತ್ತೊಂದು. ಹೊಸಬರು ಯಾರಾದರೂ ಬಂದರೆ ನನ್ನ ಹೆಂಡತಿ ಗಿರಿಜಾ, "ಮಿಕ್ಸಿದು ಶಿರಾಳಕೊಪ್ಪದಾಗೆ ಹೊದಿಸಿದ್ದು, ಹೊಲಿಗೆ ಮಿಷನ್ನಿಂದು ಆನವಟ್ಟಿದು" ಎಂದು ಒಂದೊಂದನ್ನೂ ಪರಿಚಯ ಮಾಡಿಕೊಡುತ್ತಾಳೆ. ಹೋದ ವಾರ ಹೀಗೆ ಪರಿಚಯ ನಡೆಯುತ್ತಿದ್ದಾಗ ಬಂದವರೊಬ್ಬರು ನನ್ನ ಕಡೆ ತಿರುಗಿ ಕೇಳಿಯೇಬಿಟ್ಟರು: "ಹಂಗಾದ್ರೆ ನೀವು ಎಷ್ಟು ಕಾದಂಬರಿ ಬರ್ದೀರಿ ಸರ್?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಸ್ವಲ್ಪ ಉದ್ದದ್ದು. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, ಎದ್ದು ಹೋದರು. ನಿಮಗೆ ಅವಸರವಿಲ್ಲವೆಂದುಕೊಂಡು ಹೇಳುತ್ತೇನೆ.

ಮೊದಲು ನಾನು ಯಾರೆಂದು ಗೊತ್ತಾಗಲಿ. ಶಿಕಾರಿಪುರದ ಕಾಲೇಜಿನಲ್ಲಿ ಹಳಗನ್ನಡ ಮತ್ತು ಶಾಸನಗಳ ಪಾಠ ಹೇಳಿ ಈಚೆಗೆ ನಿವೃತ್ತನಾದ ಕನ್ನಡ ಮೇಷ್ಟ್ರು. ಅಂದರೆ ಏನು? ಬೇರೆಯವರು ಬರೆದದ್ದನ್ನು ಓದಿ ಅದರ ಬಗ್ಗೆ ಮತ್ತೆ ಬೇರೆಯವರಿಗೆ ಹೇಳುವವನು. ಸುತ್ತಮುತ್ತ ಯಾರೇ ಪುಸ್ತಕ ತಂದರೂ ಮುನ್ನುಡಿಗೆ ನಾನು, ಬೆನ್ನುಡಿಗೆ ನಾನು, ಬಿಡುಗಡೆಯ ದಿನ ಬಣ್ಣದ ಕಾಗದ ಬಿಚ್ಚಲಿಕ್ಕೂ ನಾನು. ಊರಿನ ಮದುವೆಗಳನ್ನೆಲ್ಲ ಮಾಡಿಸಿ ತಾನು ಮಾತ್ರ ಬ್ರಹ್ಮಚಾರಿಯಾಗಿಯೇ ಉಳಿದ ಪುರೋಹಿತನ ಸ್ಥಿತಿ ನನ್ನದು. ಶಾಲುಗಳೆಲ್ಲ ಹಾಗೆ ಸಂಪಾದನೆಯಾದವು.

ಹಾಗಂತ ನಾನು ಕಾದಂಬರಿಗೆ ಕೈ ಹಾಕಿಯೇ ಇಲ್ಲ ಎಂದುಕೊಳ್ಳಬೇಡಿ. ಬರೆಯುವುದೊಂದನ್ನು ಬಿಟ್ಟು ಕಾದಂಬರಿಕಾರ ಮಾಡುವ ಉಳಿದೆಲ್ಲ ಕೆಲಸವನ್ನೂ ಶ್ರದ್ಧೆಯಿಂದ ಮಾಡಿದ್ದೇನೆ. ಹೆಸರು ಇಟ್ಟಿದ್ದೇನೆ. ಯಾರಿಗೆ ಅರ್ಪಣೆ ಮಾಡಬೇಕೆಂದು ಯೋಚಿಸಿ, ಆಮೇಲೆ ಅವರ ಮೇಲೆ ಸಿಟ್ಟು ಬಂದು ಬದಲಾಯಿಸಿದ್ದೇನೆ. ಮುಖಪುಟದ ಬಣ್ಣ ಗೊತ್ತುಮಾಡಿದ್ದೇನೆ. ದೊಡ್ಡ ಪ್ರಶಸ್ತಿ ಬಂದರೆ ಆಡಬೇಕಾದ ಮಾತುಗಳನ್ನು ಬಚ್ಚಲಿನಲ್ಲಿ ನಿಂತು ಆಡಿಯೂ ಇದ್ದೇನೆ. "ಬಕೆಟ್ ತುಂಬಿ ಹರಿಯಾಕತ್ತೇತಿ, ಭಾಷಣ ಸಾಕು ಮಾಡ್ರಿ" ಎಂದು ಗಿರಿಜಾ ಹೊರಗಿನಿಂದ ಬಾಗಿಲು ಬಡಿದಾಗಲೇ ಆ ಸಮಾರಂಭಗಳು ಮುಗಿಯುತ್ತಿದ್ದವು.

ಕಾದಂಬರಿಯ ಐಡಿಯಾಗಳು ನನಗೆ ಬರುವುದು ಸೀನು ಬಂದ ಹಾಗೆ. ಊರಿನವರ ಮುಖ ನೆನಪಿಡದೆ ಬರೀ ಅಳತೆ ನೆನಪಿಟ್ಟುಕೊಂಡಿರುವ ದರ್ಜಿಯೊಬ್ಬನ ಕಥೆ. ಒಂದೇ ರಾತ್ರಿ ಇಡೀ ಊರಿಗೆ ಒಂದೇ ಕನಸು ಬಿದ್ದು, ಬೆಳಿಗ್ಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಲು ನಾಚುವ ಕಥೆ. ಬಂದದ್ದನ್ನು ಒಳಗೆ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮದುವೆಮನೆಯ ಪಂಕ್ತಿಯಲ್ಲಿ ಎಡಬಲದವರಿಗೆ, ಕಟಿಂಗ್ ಅಂಗಡಿಯಲ್ಲಿ ಕತ್ತರಿಗೆ ತಲೆ ಕೊಟ್ಟುಕೊಂಡೇ ಹೇಳಿಬಿಡುತ್ತೇನೆ. ತರಗತಿಯಲ್ಲಂತೂ ಪಾಠ ಬೇಗ ಮುಗಿದರೆ ಉಳಿದ ಹೊತ್ತೆಲ್ಲ ಅದಕ್ಕೇ ಮೀಸಲು. ಹೇಳಿ ಮುಗಿದ ಮೇಲೆ ಹೊಟ್ಟೆ ತುಂಬಿದಂತಾಗುತ್ತದೆ. ಊಟವಾದವನು ಮತ್ತೆ ಯಾಕೆ ಒಲೆ ಹಚ್ಚುತ್ತಾನೆ?

ಈ ರೋಗ ಹತ್ತಿದ್ದು ಸೊರಬದಲ್ಲಿ. ನಮ್ಮ ಊರು ಕುಬಟೂರಿನ ಹತ್ತಿರ. ಹೈಸ್ಕೂಲಿಗೆಂದು ನನ್ನನ್ನು ಸೊರಬದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಮ್ಮನ ಮಗಳು ಪಾರ್ವತಕ್ಕನಿಗೆ ಕಾದಂಬರಿ ಅಂದರೆ ಪ್ರಾಣ, ಆದರೆ ಕೈಗೆ ಬಿಡುವಿಲ್ಲ. ಹಾಗಾಗಿ ಅವಳು ಅಕ್ಕಿ ಕೇರುತ್ತಾ ಕೂರುವುದು, ನಾನು ಲೈಬ್ರರಿಯಿಂದ ತಂದದ್ದನ್ನು ಗಟ್ಟಿಯಾಗಿ ಓದುವುದು ಎಂದು ಒಪ್ಪಂದವಾಗಿತ್ತು. ಆಗಿನ ಆ ಪುಸ್ತಕಗಳು ಕೈಯಿಂದ ಕೈಗೆ ಓಡಾಡಿ ಹಣ್ಣಾಗಿ, ಎಷ್ಟೋ ಪುಸ್ತಕಗಳ ಕೊನೆಯ ಹಾಳೆಗಳೇ ಉದುರಿಹೋಗಿದ್ದವು. ನಾಯಕ ರೈಲು ಹತ್ತಲು ಒಂದು ಕಾಲು ಎತ್ತಿದ್ದಾನೆ, ಮುಂದೆ ರಟ್ಟು!

"ಆಮೇಲೆ?" ಎನ್ನುತ್ತಿದ್ದಳು ಪಾರ್ವತಕ್ಕ.

"ಮುಗೀತು ಅಕ್ಕಾ."

"ಹೆಂಗೆ ಮುಗೀತದೆ? ಅವಳು ಅಲ್ಲಿ ಕಾಯ್ತಾ ನಿಂತಿದಾಳೆ! ಮುಂದೆ ಹೇಳು ಮಾರಾಯ, ಇಲ್ದಿದ್ರೆ ರಾತ್ರಿ ನಿದ್ರೆ ಬರೂದಿಲ್ಲ ನಂಗೆ."

ಇಲ್ಲದ ಹಾಳೆಗಳನ್ನು ನಾನು ಓದತೊಡಗಿದೆ. ಹಾಗೆ ಓದುವವನಿಗೆ ಬೇಗ ಗೊತ್ತಾಗುವ ಸತ್ಯವೆಂದರೆ, ಪಾತ್ರಗಳನ್ನು ಬದುಕಿಸುವುದು ಕಷ್ಟ, ಸಾಯಿಸುವುದು ಸುಲಭ. ಬದುಕಿಸಿದರೆ ಎಲ್ಲಿ ಮನೆ ಮಾಡಿದರು, ಏನು ಕೆಲಸಕ್ಕೆ ಸೇರಿದರು ಎಂದೆಲ್ಲ ಹೇಳಬೇಕು. ಬಾವಿಗೋ ಕೆರೆಗೋ ಹಾರಿಸಿಬಿಟ್ಟರೆ ಮೂರು ಮಾತಿನಲ್ಲಿ ಮುಗಿಯುತ್ತದೆ. ಪಾರ್ವತಕ್ಕನ ಕಣ್ಣೀರು ಟಪಟಪನೆ ಮೊರದ ಅಕ್ಕಿಗೆ ಬೀಳುತ್ತಿತ್ತು. "ಎಂತಾ ಚೆಂದ ಮುಗಿಸಿದಾನೆ!" ಎಂದು ಲೇಖಕನನ್ನು ಹೊಗಳುತ್ತಿದ್ದಳು. ನನಗೆ ಬಂದ ಮೊದಲ ಪ್ರಶಸ್ತಿ ಅದು.

ರಜೆಗೆ ಊರಿಗೆ ಹೋದಾಗ ಹೊತ್ತು ಕಳೆಯುತ್ತಿದ್ದದ್ದು ಕುಬಟೂರಿನ ಗುಡಿಗಳಲ್ಲಿ. ಅಲ್ಲಿ ಶಾಸನದ ಕಲ್ಲಿಗೆ ಬೆನ್ನು ಕೊಟ್ಟು ಕೂರುವುದೆಂದರೆ ನನಗೆ ಎಲ್ಲಿಲ್ಲದ ಸುಖ. ಬೆನ್ನಿಗೆ ಅಕ್ಷರಗಳು ಒತ್ತುತ್ತಿದ್ದವು. ಒಮ್ಮೆ ಒಬ್ಬ ಅಜ್ಜನನ್ನು "ಇದರಲ್ಲಿ ಏನು ಬರ್ದಿದೆ?" ಎಂದು ಕೇಳಿದೆ. "ನಮ್ಮ ಊರಿನ ದೊಡ್ಡವ್ರ ಹೆಸರು ಬರ್ದದೆ" ಎಂದ. "ಓದೋಕೆ ಬರ್ತದಾ?" ಎಂದರೆ, "ಇಲ್ಲ. ಮತ್ಯಾರ ಹೆಸರು ಬರೀತಾರೆ?" ಎಂದ. ನನ್ನ ತಲೆಯೊಳಗೆ ಏನೋ ಕಿಡಿ ಹಾರಿತು. ಓದಲು ಯಾರಿಗೂ ಬಾರದ ಊರಿನಲ್ಲಿ, ಕಲ್ಲಿನ ಮೇಲೆ ಬೇರೆಯೇ ಹೆಸರಿದ್ದರೆ?

ಅದು ನನ್ನ ಮಹಾಕಾದಂಬರಿಯಾಗಬೇಕಿತ್ತು. ಕಥೆ ಇಷ್ಟು. ಹಳೆಯ ಕಾಲದ ಒಂದು ಊರು. ಮಾಳವ್ವೆ ಎಂಬ ವಿಧವೆ ತನ್ನ ಒಡವೆಯನ್ನೆಲ್ಲ ಕೊಟ್ಟು ಕೆರೆ ಕಟ್ಟಿಸುತ್ತಾಳೆ. ಊರಿನ ಗೌಡ, ಕಟ್ಟಿಸಿದವನು ತಾನೆಂದು ಶಾಸನ ಹಾಕಿಸುತ್ತಾನೆ. ಕೆತ್ತುವವನು ಕಾಳೋಜ ಎಂಬ ಕಲ್ಲುಕುಟಿಗ. ಆ ಊರಿನಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ಅವನು ಗೌಡನ ಹೆಸರಿನ ಜಾಗದಲ್ಲಿ ಸದ್ದಿಲ್ಲದೆ ಮಾಳವ್ವೆಯ ಹೆಸರು ಕೆತ್ತಿಬಿಡುತ್ತಾನೆ. ಗೌಡ ದಿನವೂ ಆ ಕಲ್ಲಿಗೆ ಗಂಧ ಹಚ್ಚಿ ಕೈಮುಗಿಯುತ್ತಾನೆ. ವರ್ಷಗಳಾದ ಮೇಲೆ ಪಂಡಿತನೊಬ್ಬ ಆ ದಾರಿಯಲ್ಲಿ ಬರುತ್ತಾನೆ. ಊರೆಲ್ಲ ಸೇರಿಸಿ ಗೌಡ ಅವನಿಂದ ಕಲ್ಲನ್ನು ಓದಿಸುತ್ತಾನೆ. ಗುಟ್ಟು ಬಯಲಾಗುತ್ತದೆ. ಕಾಳೋಜನ ಕೈ ಕಡಿಸುತ್ತಾರೆ. ಅವನ ಹೆಂಡತಿ ಅದೇ ಕೆರೆಗೆ ಹಾರುತ್ತಾಳೆ. ಮುಕ್ತಾಯ.

ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ "ಅದ್ಭುತ, ಬರೀರಿ" ಎನ್ನುತ್ತಿದ್ದರು. ನಾನೂ "ಬರೆಯಬೇಕು" ಎನ್ನುತ್ತಿದ್ದೆ. ಹೀಗೇ ನಿವೃತ್ತಿಯಾಯಿತು.

ಆಗ ಸೊರಬದಿಂದ ಬಸವರಾಜಪ್ಪನವರ ಫೋನು ಬಂತು. ಅಡಿಕೆ ವ್ಯಾಪಾರದವರು, ಪುಸ್ತಕದ ಹುಚ್ಚಿನವರು, ಅಲ್ಲಿ ಒಂದು ಓದುಗರ ಬಳಗ ನಡೆಸುತ್ತಾರೆ. "ಸರ್, ಇನ್ನೂ ಒಂದೂ ಪುಸ್ತಕ ಬಾರದವರಿಗೆ ಅಂತ ಕಾದಂಬರಿ ಸ್ಪರ್ಧೆ ಇಟ್ಟಿದೀವಿ. ಗೆದ್ದದ್ದನ್ನ ನಾವೇ ಅಚ್ಚು ಹಾಕಿಸ್ತೀವಿ. ನೀವೂ, ಜಡೆ ಊರಿನ ಶಾರದಮ್ಮ ಟೀಚರೂ ತೀರ್ಪು ಕೊಡ್ಬೇಕು" ಎಂದರು. ಬರೆದವರ ಹೆಸರು ತೆಗೆದಿಟ್ಟು ಹಸ್ತಪ್ರತಿಗಳನ್ನು ಮಾತ್ರ ಕಳಿಸಿದರು.

ಒಂದು ಮಧ್ಯಾಹ್ನ ಊಟ ಮುಗಿಸಿ ಅದರಲ್ಲೊಂದನ್ನು ಕೈಗೆತ್ತಿಕೊಂಡೆ. ಮೊದಲ ಪುಟದಲ್ಲೇ ಒಬ್ಬ ವಿಧವೆ ತನ್ನ ಮೂಗುತಿ ಬಿಚ್ಚಿ ಕೆರೆ ತೋಡುವ ಒಡ್ಡರ ಯಜಮಾನನ ಅಂಗೈಗೆ ಇಡುತ್ತಿದ್ದಾಳೆ. "ಇದಿಷ್ಟೇ ಉಳಿದದ್ದು. ಏರಿ ಇನ್ನೊಂದು ಮೊಳ ಎತ್ತರ ಆಗಲಿ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎರಡನೆಯ ಅಧ್ಯಾಯದಲ್ಲಿ ಕಲ್ಲುಕುಟಿಗ ಬಂದ. ಮೂರನೆಯದರಲ್ಲಿ ಗೌಡ ಬಂದ. "ನನ್ನ ಕಾದಂಬರಿ!" ಎಂದು ಕೂಗಿದೆ. ಗಿರಿಜಾ ಒಳಗಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಏನಾತ್ರೀ? ಯಾರಿಗೇನಾತು?"

"ಕಳುವಾಗಿದೆ ಗಿರಿಜಾ! ಮಾಳವ್ವೆ, ಕೆರೆ, ಕಲ್ಲು, ಎಲ್ಲಾ! ಹೆಸರು ಸುದ್ಧಾ ಬದಲಾಯಿಸಿಲ್ಲ!"

"ಓ, ಅದಾ!" ಅವಳು ಸೌಟು ಕೆಳಗಿಳಿಸಿದಳು. "ಊರಿಗೆಲ್ಲ ಹಂಚಿದ್ದು ಕಳುವಾತು ಅಂದ್ರೆ ಹೆಂಗ್ರೀ? ನಮ್ಮ ಹಾಲಿನವ್ರಿಗೂ ಗೊತ್ತದು."

ಕೋಪದಿಂದಲೇ ಓದಲು ಕೂತೆ. ತಪ್ಪು ಹುಡುಕುತ್ತಾ ಓದಿದೆ. ತಪ್ಪೇನು ಕಡಿಮೆಯಿರಲಿಲ್ಲ, ಒತ್ತಕ್ಷರಗಳು ದಾರಿ ತಪ್ಪಿದ ಕುರಿಗಳಂತೆ ಎಲ್ಲೆಲ್ಲೋ ಇದ್ದವು. ಆದರೆ ಓದುತ್ತಾ ಹೋದಂತೆ ಕೋಪಕ್ಕೆ ನಿಲ್ಲಲು ಜಾಗ ಸಿಗದಾಯಿತು. ನನ್ನ ತಲೆಯಲ್ಲಿ ಮಾಳವ್ವೆ ಬರೀ ಒಂದು ಹೆಸರಾಗಿದ್ದಳು. ಇಲ್ಲಿ ಅವಳಿಗೆ ಮೊಣಕಾಲು ನೋವಿತ್ತು, ಸಿಟ್ಟಿತ್ತು, ಕೂಲಿಯವರ ಮಕ್ಕಳಿಗೆ ಹುರಿಗಡಲೆ ಹಂಚುವ ಅಭ್ಯಾಸವಿತ್ತು. ಕಾಳೋಜನ ಹೆಂಡತಿಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅವಳು ಕೆರೆಗೆ ಹಾರಲಿಕ್ಕೆಂದೇ ಹುಟ್ಟಿದವಳು. ಇಲ್ಲಿ ಅವಳು ಗಂಡ ಕೆತ್ತುವಾಗ ಕಲ್ಲಿನ ಪುಡಿ ಊದುತ್ತಾ, "ಈ ಅಕ್ಷರ ಯಾವುದು? ಅದು ಯಾವುದು?" ಎಂದು ಕೇಳುತ್ತಾಳೆ. ಗಂಡ ಮಾಡಿದ್ದು ಅವಳಿಗೂ ಗೊತ್ತಾಗುತ್ತದೆ. ಆ ಗುಟ್ಟನ್ನಿಟ್ಟುಕೊಂಡು ಇಬ್ಬರೂ ಒಂದೇ ಚಾಪೆಯ ಮೇಲೆ ವರ್ಷಗಟ್ಟಲೆ ಮಲಗುತ್ತಾರೆ. ಅವರಿಬ್ಬರ ಭಯವನ್ನು ಓದುತ್ತಾ ನಾನೂ ಒಮ್ಮೆ ಬಾಗಿಲ ಕಡೆ ನೋಡಿದೆ.

ಆಮೇಲೆ ಪಂಡಿತ ಬಂದ. ಆ ಭಾಗವನ್ನು ತಡೆಯಲಾರದೆ ಗಿರಿಜಾಳನ್ನು ಕರೆದು ಗಟ್ಟಿಯಾಗಿ ಓದತೊಡಗಿದೆ. ಪಂಡಿತ ಯಾರ ಮುಖವನ್ನೂ ನೋಡದೆ ಆಕಾಶ ನೋಡುತ್ತಾ ಮಾತಾಡುತ್ತಾನೆ. ಮಾತು ಮಾತಿಗೂ "ಅಂದರೆ ಏನು?" ಎಂದು ತನ್ನನ್ನೇ ಕೇಳಿಕೊಂಡು ತಾನೇ ಉತ್ತರ ಹೇಳುತ್ತಾನೆ. ಹೇಳುವ ಉತ್ಸಾಹದಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗಿ ಗುಡಿಯ ಗೋಡೆಗೆ ಒರಗುತ್ತಾನೆ, ಬೆನ್ನಿಗೆಲ್ಲ ಸುಣ್ಣ ಮೆತ್ತಿಕೊಳ್ಳುತ್ತದೆ.

ಗಿರಿಜಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

"ಏನು?"

"ಇವ ನೀವೇ ಕಣ್ರೀ! ಬೋರ್ಡಿಗೆ ಒರಗಿ ಒರಗಿ ಸೀಮೆಸುಣ್ಣ ಮೆತ್ತಿಕೊಂಡು ಬರ್ತಿದ್ರಲ್ಲ, ಆ ಅಂಗಿ ಬೆನ್ನು ಒಗೆದೋಳು ನಾನು. ನಂಗೆ ಗೊತ್ತಾಗಲ್ಲೇನು?"

ಹಸ್ತಪ್ರತಿಯನ್ನು ಕೆಳಗಿಟ್ಟೆ. ಬರೆದವರು ನನ್ನ ತರಗತಿಯಲ್ಲಿ ಕೂತಿದ್ದವರು! ಇಷ್ಟು ವರ್ಷ ನಾನು ಪಾಠ ಹೇಳಿದ ಸಾಲು ಸಾಲು ಮುಖಗಳು ಕಣ್ಣ ಮುಂದೆ ಹಾದುಹೋದವು. ಅದರಲ್ಲಿ ಯಾರು? ಹೊಳೆಯಲಿಲ್ಲ.

"ಮುಂದೆ ಓದ್ರಿ, ಆಮೇಲೆ ಏನಾತು?" ಎಂದಳು ಗಿರಿಜಾ.

ಊರೆಲ್ಲ ಸೇರಿದೆ. ಗೌಡ ಹೊಸ ಪಂಚೆ ಉಟ್ಟು ನಿಂತಿದ್ದಾನೆ. "ಜೋರಾಗಿ ಓದಿ ಪಂಡಿತರೇ, ಎಲ್ಲರಿಗೂ ಕೇಳಲಿ." ಪಂಡಿತ ಕಲ್ಲಿನ ಮೇಲೆ ಕಣ್ಣಾಡಿಸುತ್ತಾನೆ. ಹೆಸರು ಕಾಣುತ್ತದೆ. ತಲೆಯೆತ್ತಿ, ಆ ಕಾದಂಬರಿಯಲ್ಲಿ ಮೊಟ್ಟಮೊದಲ ಸಲ, ಆಕಾಶ ಬಿಟ್ಟು ಮನುಷ್ಯರ ಮುಖಗಳನ್ನು ನೋಡುತ್ತಾನೆ. ಕಾಳೋಜನ ಮುಖ ಬಿಳಿಚಿದೆ. ಅವನ ಹೆಂಡತಿ ಖಾಲಿ ಕೊಡ ಹಿಡಿದು ಕೆರೆಯ ಏರಿಯ ಮೇಲೆ ನಿಂತಿದ್ದಾಳೆ. ಪಂಡಿತ ಗಂಟಲು ಸರಿಮಾಡಿಕೊಂಡು ಓದುತ್ತಾನೆ. ಗೌಡನ ಹೆಸರನ್ನು ಓದುತ್ತಾನೆ. ಕಲ್ಲಿನಲ್ಲಿ ಇಲ್ಲದ ಬಿರುದುಗಳನ್ನೆಲ್ಲ ಸೇರಿಸಿ, ಗೌಡನೇ ಮುಜುಗರದಿಂದ "ಸಾಕು ಸಾಕು" ಎನ್ನುವಷ್ಟು ಓದುತ್ತಾನೆ. ಏರಿಯ ಮೇಲಿದ್ದ ಹೆಂಗಸು ಕೆರೆಗೆ ಇಳಿದು, ಕೊಡ ತುಂಬಿಕೊಂಡು, ಮನೆಗೆ ನಡೆಯುತ್ತಾಳೆ.

ನಾನು ಓದುವುದನ್ನು ನಿಲ್ಲಿಸಿದೆ. ನನ್ನ ಜೀವಮಾನವೆಲ್ಲ ಶಾಸನಗಳನ್ನು ತಪ್ಪಿಲ್ಲದೆ ಓದುವುದನ್ನೇ ಕಲಿಸಿದವನು ನಾನು. ಬೇಕೆಂದೇ ತಪ್ಪು ಓದಿ ಎರಡು ಜೀವ ಉಳಿಸುವ ಪಂಡಿತನೊಬ್ಬ ನನ್ನ ಬೆನ್ನು ಹೊತ್ತುಕೊಂಡು ಅಲ್ಲಿ ನಿಂತಿದ್ದ! ಎಂಥ ಕಲ್ಪನೆ ರೀ! ನನಗೆ ಹೊಳೆಯಲೇ ಇಲ್ಲವಲ್ಲ! ಹೊಟ್ಟೆಕಿಚ್ಚಾಯಿತೇ ಎಂದು ಕೇಳುತ್ತೀರಾ? ಆಯಿತು. ಸಂತೋಷವಾಯಿತೇ? ಕುಣಿಯಬೇಕೆನಿಸುವಷ್ಟು. ಎರಡೂ ಒಟ್ಟಿಗೇ ಆಗಿ, ಜಗುಲಿಯಲ್ಲಿ ಆಚೆಯಿಂದ ಈಚೆಗೆ ಸುಮ್ಮನೆ ಓಡಾಡಿದೆ.

ತೀರ್ಪಿಗೆಂದು ಸೊರಬದ ಬಸ್ಸು ಹತ್ತಿದಾಗ ನನ್ನೊಳಗೆ ಬೇರೆಯೇ ಗೊಂದಲ. ಇದಕ್ಕೆ ಬಹುಮಾನ ಕೊಡಿಸಿದರೆ ನನ್ನದೇ ಕಥೆಗೆ ನಾನು ಕೊಡಿಸಿದಂತೆ. ಕೊಡಿಸದಿದ್ದರೆ ಇಂಥದ್ದೊಂದು ಕಾದಂಬರಿ ಯಾರ ಮನೆಯ ಅಟ್ಟದಲ್ಲೋ ಇಲಿಗಳ ಪಾಲು. ನಾನು ತೀರ್ಪಿನಿಂದ ಹಿಂದೆ ಸರಿಯುವುದೇ ಸರಿ ಎಂದು ನಿಶ್ಚಯಿಸಿ ಇಳಿದೆ.

ಬಸವರಾಜಪ್ಪನವರ ಅಡಿಕೆ ಮಂಡಿಯ ಹಿಂದಿನ ಕೋಣೆಯಲ್ಲಿ ಶಾರದಮ್ಮ ಟೀಚರು ಆಗಲೇ ಬಂದು ಕೂತಿದ್ದರು. ಜಡೆಯ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಕೈಯಲ್ಲಿ ಕೆಂಪು ಪೆನ್ನು. ಅವರ ಮುಂದೆ ಇನ್ನೊಂದು ಹಸ್ತಪ್ರತಿ.

"ಇದಕ್ಕೇ ಕೊಡೋಣ ಮೇಷ್ಟ್ರೇ. ಅಣ್ಣತಮ್ಮಂದಿರ ಪಾಲಿನ ಕಥೆ. ಚೊಕ್ಕ ಉಂಟು. ಇಡೀ ಪುಸ್ತಕದಲ್ಲಿ ಒಂದು ಕಾಗುಣಿತ ತಪ್ಪಿಲ್ಲ."

"ಆ ಶಾಸನದ ಕಾದಂಬರಿ?"

"ಅರ್ಧಕ್ಕೆ ಮುಚ್ಚಿಟ್ಟೆ. ಪಂಡಿತ ಬರ್ತಾನೆ ಅಂತಾದಾಗ್ಲೇ ಗೊತ್ತಾಯ್ತು, ಆ ಹೆಂಗ್ಸು ಕೆರೆಗೆ ಹಾರ್ತದೆ ಅಂತ. ನಂಗೆ ಬುದ್ಧಿ ಬಂದಾಗಿಂದ ಓದ್ತಾ ಇದೀನಿ, ಕೆರೆ ಕಂಡ್ರೆ ಸಾಕು, ಲೇಖಕರೆಲ್ಲ ಹೆಂಗ್ಸ್ರನ್ನ ತಳ್ಳೋದೇ. ಸಾಕಾಗಿ ಹೋಗಿದೆ ಮಾರಾಯ್ರೇ."

ನನ್ನ ಕಿವಿ ಬಿಸಿಯಾಯಿತು. ಆದರೂ ಹೇಳಬೇಕಾದದ್ದನ್ನು ಹೇಳಿಯೇಬಿಟ್ಟೆ. "ಟೀಚರೇ, ಒಂದು ವಿಷಯ. ಆ ಕಥೆ ನನ್ನದು. ನಾನು ತೀರ್ಪುಗಾರನಾಗಿ ಕೂರುವುದು ಸರಿಯಲ್ಲ." ತಲೆಯಲ್ಲಿ ಅದು ಹುಟ್ಟಿದ್ದು, ಊರೆಲ್ಲ ಹೇಳಿಕೊಂಡು ತಿರುಗಿದ್ದು, ಎಲ್ಲ ವಿವರಿಸಿದೆ.

ಶಾರದಮ್ಮ ಕನ್ನಡಕದ ಮೇಲಿಂದ ನೋಡಿದರು. ಹಸ್ತಪ್ರತಿಯನ್ನು ನನ್ನ ಕಡೆ ತಳ್ಳಿದರು. "ನೀವು ಬರೆದ ಪುಟ ಯಾವ್ದು? ತೋರ್ಸಿ."

ನಾನು ಪುಟ ಮಗುಚಿದೆ. ಹುರಿಗಡಲೆ ನನ್ನದಲ್ಲ. ಮೂಗುತಿ ನನ್ನದಲ್ಲ. ಕಲ್ಲಿನ ಪುಡಿ ಊದುವ ಹೆಂಡತಿ ನನ್ನವಳಲ್ಲ. "ಪುಟ ಅಂತ ಯಾವುದೂ ಇಲ್ಲ" ಎಂದೆ.

"ಮತ್ತೆ? ಕೂತ್ಕೊಳ್ಳಿ. ಬಸವರಾಜಪ್ಪನೋರೇ, ಇವರು ಹೇಳಿದ್ದು ಕೇಳಿಸ್ಕೊಂಡ್ರಲ್ಲ? ನಿಮ್ಮದೇನಾದ್ರೂ ತಕರಾರಿದೆಯಾ?"

ಬಸವರಾಜಪ್ಪನವರು ಕೈಯಾಡಿಸಿದರು. "ಎಂತ ತಕರಾರು ಟೀಚರ್? ಈ ಕಥೆ ಅಡಿಕೆ ಕೊಳ್ಳೋಕೆ ಹೋದಾಗ ನಂಗೂ ಇವರು ಹೇಳಿದಾರೆ. ನಾನೂ ಬರೀಲಿಲ್ಲ."

ಇನ್ನು ಹಿಂದೆ ಸರಿಯುವ ಮಾತಿರಲಿಲ್ಲ. ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. "ಹಾಗಾದರೆ ಟೀಚರೇ, ಕೊನೆಯ ಎರಡು ಅಧ್ಯಾಯ ಈಗ, ಇಲ್ಲೇ ಓದಬೇಕು ನೀವು. ಓದಿದ ಮೇಲೆ ಬೇಡ ಅಂದರೆ ಬೇಡ. ನಾನು ಒಂದಕ್ಷರ ಮಾತಾಡುವುದಿಲ್ಲ."

ಚಹಾ ಬಂತು. ಅವರು ಓದತೊಡಗಿದರು. ನಾನು ಪುಸ್ತಕದ ಬದಲು ಅವರ ಮುಖ ಓದುತ್ತಾ ಕೂತೆ. ಮೊದಲು ಕೆಂಪು ಪೆನ್ನು ಅಲ್ಲಲ್ಲಿ ಚುಚ್ಚುತ್ತಿತ್ತು. ಆಮೇಲೆ ಅದರ ಓಡಾಟ ನಿಧಾನವಾಯಿತು. ಪಂಡಿತ ಕಲ್ಲಿನ ಮುಂದೆ ಬಂದು ನಿಂತಿರಬೇಕು, ಪೆನ್ನು ಮೇಜಿನ ಮೇಲೆ ಮಲಗಿತು. ಹೊರಗೆ ಮಂಡಿಯಲ್ಲಿ ಯಾರೋ ಚೀಲ ಎಳೆದ ಸದ್ದಿಗೆ ಶಾರದಮ್ಮ, "ಸ್ವಲ್ಪ ಸುಮ್ನಿರ್ರೋ!" ಎಂದು ತರಗತಿಯ ದನಿಯಲ್ಲಿ ಗದರಿದರು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಕಾದವನಲ್ಲ.

"ಅಯ್ಯೋ!" ಎಂದರು ಇದ್ದಕ್ಕಿದ್ದಂತೆ. "ನೀರು ತಗೊಂಡು ಮನೆಗೆ ಹೋದ್ಲಲ್ರೀ!"

"ಮುಂದಿದೆ, ಮುಂದಿದೆ, ಓದಿ" ಎಂದೆ ನಾನು ಎದ್ದು ನಿಂತು.

ಕೊನೆಯ ಅಧ್ಯಾಯ ಪುಟ್ಟದು. ಜನ ಚದುರಿದ ಮೇಲೆ ಪಂಡಿತ ಮುದುಕಿ ಮಾಳವ್ವೆಯ ಹತ್ತಿರ ಹೋಗಿ, "ತಾಯೀ, ಕಲ್ಲಿನ ಮೇಲೆ ಇರುವುದು ನಿಮ್ಮ ಹೆಸರು" ಎಂದು ಪಿಸುಗುಡುತ್ತಾನೆ. ಅವಳು ನಂಬುವುದಿಲ್ಲ. "ಎಲ್ಲಿ, ತೋರ್ಸು" ಎನ್ನುತ್ತಾಳೆ. ಅವನು ಅವಳ ಬೆರಳು ಹಿಡಿದು ಅಕ್ಷರದ ಗೀರುಗಳಲ್ಲಿ ಒಂದೊಂದಾಗಿ ಓಡಿಸುತ್ತಾನೆ. ಮುದುಕಿ ಮತ್ತೆ ಮೊದಲಿಂದ ತಡವುತ್ತಾಳೆ. ದೂರದಲ್ಲಿ ನಿಂತ ಗೌಡ, ಅವಳು ತನ್ನ ಹೆಸರಿಗೆ ಕೈಮುಗಿಯುತ್ತಿದ್ದಾಳೆಂದುಕೊಂಡು ಮೀಸೆ ತಿರುವುತ್ತಾನೆ.

ಶಾರದಮ್ಮ ಹಾಳೆ ಮುಚ್ಚಿದರು. ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಕಣ್ಣನ್ನೂ.

"ಕಾಗುಣಿತ ಎಲ್ಲ ನಾನೇ ತಿದ್ದಿಕೊಡ್ತೀನಿ ಅಂತ ಹೇಳಿ ಅವ್ರಿಗೆ" ಎಂದರು.

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮಂಡಿಯ ಜನ ಇಣುಕಿ ನೋಡಿದರು.

ಬಸವರಾಜಪ್ಪನವರು ಮುಚ್ಚಿದ ಲಕೋಟೆ ಒಡೆದು, "ಸುಮಂಗಲಾ, ಶಿಕಾರಿಪುರ" ಎಂದು ಓದಿದರು. ಅಲ್ಲೇ ಫೋನು ಮಾಡಿ ಸ್ಪೀಕರ್ ಹಾಕಿದರು. ಗಡಿಬಿಡಿಯ ದನಿ ಬಂತು: "ಹಲೋ, ಯಾರ್ರೀ? ನಿಮ್ಮ ಪೈಪು ನಾಳೆ ಬರ್ತಾವ್ರೀ, ಇವತ್ತು ಗಾಡಿ ಬಂದಿಲ್ಲ."

"ಪೈಪಲ್ಲಮ್ಮಾ. ಸೊರಬದಿಂದ ಬಸವರಾಜಪ್ಪ. ನಿಮ್ಮ ಕಾದಂಬರಿಗೆ ಬಹುಮಾನ ಬಂದದೆ."

ಫೋನಿನಿಂದ ದೂರದಲ್ಲಿ ಅವಳ ದನಿ ಕೇಳಿಸಿತು: "ಅತ್ತೀ, ಸ್ವಲ್ಪ ಗಲ್ಲಾದ ಹತ್ರ ಕೂತ್ಕೊಳ್ರಿ." ಒಂದು ಬಾಗಿಲು ಮುಚ್ಚಿದ ಸದ್ದು. ಅದರ ಹಿಂದೆಯೇ, ಯಾರೂ ಕೇಳುತ್ತಿಲ್ಲವೆಂದುಕೊಂಡು ಅಳುವ ಒಬ್ಬ ಹೆಂಗಸಿನ ಅಳು. ಬಸವರಾಜಪ್ಪನವರು ಮೆಲ್ಲಗೆ ಸ್ಪೀಕರ್ ಆರಿಸಿದರು. ಶಾರದಮ್ಮ ಮತ್ತೆ ಕನ್ನಡಕ ತೆಗೆದರು.

ಪುಸ್ತಕ ಅಚ್ಚಾಗಿ, ಒಂದು ಭಾನುವಾರ ಬೆಳಿಗ್ಗೆ ಸೊರಬದಲ್ಲಿ ಬಿಡುಗಡೆ. ಪೈಪು, ಪಂಪುಸೆಟ್ಟು ಮಾರುವ ಅಂಗಡಿಯ ಸೊಸೆ ಸುಮಂಗಲಾ ಅತ್ತೆಯ ಜೊತೆ ಬಂದಿದ್ದಳು. ಮುಖ ನೋಡಿದೆ, ನೆನಪಿಗೆ ಬರಲಿಲ್ಲ.

"ನೆನಪಾಗಲ್ಲ ಬಿಡ್ರಿ ಸರ್. ನಾನು ಹಿಂದಿನ ಬೆಂಚಿನೋಳು. ಬಾಯೇ ಬಿಡ್ತಿರಲಿಲ್ಲ" ಎಂದು ನಕ್ಕಳು. ನಗು ನಿಂತ ಮೇಲೆ ಕೈ ಹಿಸುಕಿಕೊಳ್ಳುತ್ತಾ, "ಸರ್, ಸಿಟ್ಟು ಬಂತಾ? ಕಥಿ ನಿಮ್ಮದು. ಕೇಳದೆ ಬರ್ದುಬಿಟ್ಟೆ. ಕೇಳಾಕೆ ಧೈರ್ಯ ಆಗ್ಲಿಲ್ಲ" ಎಂದಳು.

"ಬಂದಿತ್ತು. ಮೂರನೆಯ ಅಧ್ಯಾಯದವರೆಗೆ ಇತ್ತು" ಎಂದೆ. "ಆದರೆ ಯಾಕೆ ಬರೆದೆ? ಅಷ್ಟು ವರ್ಷದ ಹಿಂದೆ ಕೇಳಿದ್ದನ್ನ?"

"ನಿಮ್ಮ ಮ್ಯಾಲಿನ ಸಿಟ್ಟಿಗೆ ಸರ್."

"ಏನು?"

"ಅವತ್ತು ನೀವು ಕಥಿ ಹೇಳಾಕತ್ತಿದ್ರಿ. ನಾವೆಲ್ಲ ಉಸಿರು ಬಿಗಿ ಹಿಡ್ಕೊಂಡು ಕೂತಿದ್ವಿ. ಪಂಡಿತ ಬಂದ, ಬೆಲ್ ಆತು. ನೀವು ಡಸ್ಟರ್ ಎತ್ಕೊಂಡು, 'ಕೈ ಕಡಿದರು, ಹೆಂಡತಿ ಕೆರೆಗೆ ಹಾರಿದಳು, ನಾಳೆ ನೋಟ್ಸ್ ತನ್ನಿ' ಅಂದು ಹೊರಟೇಬಿಟ್ರಿ. ಬೆಲ್ ಆತು ಅಂತ ಸಾಯಿಸಿಬಿಟ್ರಿ ಸರ್ ಅವಳನ್ನ! ಮನಿಗೆ ಹೋಗೋತನ ಅಳ್ತಾನೇ ಇದ್ದೆ. ಅವತ್ತಿಂದ ಆಕಿ ನನ್ನ ತಲಿಯಾಗ ಏರಿ ಮ್ಯಾಲೆ ಕೊಡ ಹಿಡ್ಕೊಂಡು ನಿಂತೇ ಇದ್ಲು. ಮದುವಿ ಆತು, ಮಕ್ಕಳಾದ್ವು, ಅಂಗಡಿ ನೋಡ್ಕೊಳ್ಳಾಕೆ ಹತ್ತಿದೆ, ಆಕಿ ಹೋಗ್ಲೇ ಇಲ್ಲ. ಹೆಂಗಾದ್ರೂ ಮನಿಗೆ ಕಳಿಸ್ಬೇಕಿತ್ತು ಸರ್."

ಪಕ್ಕದಲ್ಲಿದ್ದ ಅತ್ತೆ ತಲೆಯಾಡಿಸಿದರು. "ಪೈಪಿನ ರಟ್ಟು ಸೈತ ಬಿಡ್ಲಿಲ್ರೀ ಇಕಿ, ಅದರ ಮ್ಯಾಲೂ ಬರೀತಿದ್ಲು. ಗಿರಾಕಿ ಬಂದ್ರೆ ನಾನೇ ಹೋಗಿ ಅಳತಿ ಮಾಡಿ ಕೊಡ್ತಿದ್ದೆ, ಬರ್ಕೊಳ್ಳಲಿ ಪಾಪ ಅಂತ."

"ಆ ಪಂಡಿತ?" ಎಂದೆ. "ಅವನ ಬೆನ್ನಿನ ಸುಣ್ಣ?"

ಅವಳ ಮುಖ ಕೆಂಪಾಯಿತು. "ಬೇರೆ ಪಂಡಿತರನ್ನ ನಾನೆಲ್ಲಿ ನೋಡೀನಿ ಸರ್?" ಸೆರಗು ಸರಿಮಾಡಿಕೊಂಡು ಹೇಳಿದಳು: "ನೀವು ಹಂಗೆ ಓದ್ತಿದ್ರಿ ಅನ್ನಿಸ್ತು. ಅಲ್ಲಿ ನಿಂತಿದ್ರೆ. ಬೆಲ್ ಆಗದಿದ್ರೆ."

ನನಗೆ ಶಾಲು ಹೊದಿಸಿದ ಸಭೆಗಳಲ್ಲಿ ಯಾರ್ಯಾರೋ ಏನೇನೋ ಹೊಗಳಿದ್ದಾರೆ. ಒಂದೂ ನೆನಪಿಲ್ಲ. ಈ ಮಾತು ಮಾತ್ರ ಮರೆಯುವುದಿಲ್ಲ. ವೇದಿಕೆಯ ಮೇಲೆ ಮಾತಾಡಲು ಕರೆದಾಗ, "ಓದಿ, ದಯವಿಟ್ಟು ಓದಿ" ಎಂದು ಹೇಳಿ ಕೂತುಬಿಟ್ಟೆ. ನನ್ನ ಭಾಷಣ ಬಲ್ಲವರು ನನಗೆ ಮೈ ಹುಷಾರಿಲ್ಲವೆಂದುಕೊಂಡರಂತೆ.

ಹಿಂದಿರುಗುವಾಗ ಮೂವರೂ ಒಂದೇ ಬಸ್ಸು. ಬಸ್ಸು ತುಂಬಿತ್ತು. ಅತ್ತೆ ಸೊಸೆ ಆಧಾರ್ ಕಾರ್ಡು ತೋರಿಸಿ ಟಿಕೆಟ್ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು, ನಾನು ಅವರ ಹಿಂದೆ. ಸುಮಂಗಲಾ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿದ್ದುದು ಕಂಡಿತು. ನನ್ನ ಕುತೂಹಲ ಕೇಳಬೇಕೇ!

"ಇನ್ನೊಂದು ಕಾದಂಬರಿ ತಲೆಗೆ ಬಂದಿದೆ ಅಲ್ಲವಾ?" ಎಂದು ಮುಂದಕ್ಕೆ ಬಾಗಿ ಕೇಳಿದೆ.

ಅವಳು ಬೆಚ್ಚಿ ತಿರುಗಿದಳು. "ನಿಮಗೆ ಹೆಂಗೆ ಗೊತ್ತಾತು ಸರ್?"

"ಏನು ಕಥೆ? ಹೇಳು, ಹೇಳು. ಯಾರ ಬಗ್ಗೆ? ಹಳೆಯ ಕಾಲದ್ದಾ, ಈಗಿನದ್ದಾ?"

ಅವಳು ಬಾಯಿ ತೆರೆದಳು. ನಾನು ಕಿವಿ ಹತ್ತಿರ ತಂದೆ. ಬಸ್ಸು ಗುಂಡಿಗಿಳಿದು ಎದ್ದಿತು. ಅವಳು ಬಾಯಿ ಮುಚ್ಚಿಕೊಂಡು, ತಪ್ಪಿತಸ್ಥಳ ಹಾಗೆ ನಕ್ಕಳು.

"ಹೇಳಲ್ಲ ಸರ್. ಹೇಳಿಬಿಟ್ರೆ ಬರಿಯಾಕಾಗಲ್ಲ."

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಅವಳ ತುಟಿ ಮತ್ತೆ ಅಲ್ಲಾಡತೊಡಗಿತು. ಶಿಕಾರಿಪುರ ಬರುವವರೆಗೂ ನಾನು ಆ ತುಟಿಗಳನ್ನೇ ಓದಲು ಹೆಣಗಾಡಿದೆ. ಒಂದಕ್ಷರವೂ ಸಿಕ್ಕಲಿಲ್ಲ.